ಮೂರು ಟಾಕಿಟೊಗೆ ಹದಿನೈದು ಗ್ರಾಂ

ಲಾಸ್ ತಾಸ್ಕಾತೆಸ್, ಚಿವಾವಾ ಬೆಟ್ಟಸೀಮೆ
ಫೆಬ್ರವರಿ 12, 1998

ಒಬ್ದುಲಿಯಾ,

‘ಪ್ರೀತಿಯ’ ಅಂತ ಬರೆಯೋಕೆ ಕೈ ಏಳ್ಲಿಲ್ಲ, ಅದಕ್ಕೇ ಬರೀ ಹೆಸರು. ನಾವು ಮಾತು ಬಿಟ್ಟು ಮೂರು ವರ್ಷ ಆಯ್ತು. ಇನ್ನೂ ಮೂವತ್ತು ವರ್ಷ ಬಿಟ್ಟೇ ಇರ್ತಿದ್ದೆ. ಆದ್ರೆ ನೀನಾಗೇ ನನ್ನ ಅಡುಗೆಮನೆಗೆ ಬಂದು ಕೂತಿದ್ದೀಯಲ್ಲ, ಏನು ಮಾಡ್ಲಿ? ಒಂದು ಸಲ ಅಲ್ಲ, ದಿನಕ್ಕೆ ಎರಡು ಹೊತ್ತು. ಪೊಟ್ಟಣದ ಮೇಲೆ ಹಲ್ಲು ಕಿರಿದುಕೊಂಡು, ಕೈಯಲ್ಲಿ ತಟ್ಟೆ ಹಿಡ್ಕೊಂಡು. ‘ದೋನ್ಯಾ ಒಬ್ದುಲಿಯಾ ಅವರ ದನದ ಮಾಂಸದ ಟಾಕಿಟೊ.’ ದೋನ್ಯಾ ಅಂತೆ, ಅಮ್ಮಾವ್ರು! ಕೆಳಗೆ ಸಣ್ಣಕ್ಷರದಲ್ಲಿ, ಮೂರು ಟಾಕಿಟೊಗೆ ಪ್ರೋಟೀನ್ ಹದಿನೈದು ಗ್ರಾಂ.

ನಾನಿರೋದು ಬೆಟ್ಟದ ಮಕ್ಕಳ ಹಾಸ್ಟೆಲ್ ಶಾಲೇಲಿ. ಎಪ್ಪತ್ತೆರಡು ಮಕ್ಕಳು, ಅಡುಗೆಯವಳು ನಾನೊಬ್ಬಳೇ. ಸೋಮವಾರ ಕಣಿವೆ ಹತ್ತಿಳಿದು ನಡ್ಕೊಂಡು ಬರ್ತಾರೆ, ಶುಕ್ರವಾರ ಹಂಗೇ ನಡ್ಕೊಂಡು ಹೋಗ್ತಾರೆ. ಆರಾರು ಗಂಟೆ ದಾರಿ. ಹೋದ ವರ್ಷದ ತನಕ ವಾರಕ್ಕೆ ಅರ್ಧ ಹಸುವಿನ ಮಾಂಸ ಬರ್ತಿತ್ತು, ಒಂದು ಮೂಟೆ ಹುರುಳಿ ಬರ್ತಿತ್ತು. ನವೆಂಬರಲ್ಲಿ ಒಂದು ಲಾರಿ ಬಂತು. ಫ್ರೀಜರ್ ಪೆಟ್ಟಿಗೆ ಇಳಿಸಿದ್ರು, ಅದನ್ನ ಓಡಿಸೋಕೆ ಡೀಸೆಲ್ ಯಂತ್ರ ಇಳಿಸಿದ್ರು, ಆಮೇಲೆ ನಿನ್ನ ಮುಖ ಇಳಿಸಿದ್ರು, ಎಂಟುನೂರು ಸಲ. ನಮ್ಮ ಮುಖ್ಯೋಪಾಧ್ಯಾಯ ಒಲಿವಾಸ್ ಮೇಷ್ಟ್ರು ಕಾಗದ ಓದಿದ್ರು: ‘ಇದು ಪೂರ್ಣಾಹಾರ ಅಂತೆ ಎರ್ಮಿಲಾ. ಪ್ರೋಟೀನು, ಕಬ್ಬಿಣ ಎಲ್ಲಾ ಇದರಲ್ಲೇ ಇದೆ. ಇನ್ಮೇಲೆ ಮಾಂಸ ಬರಲ್ಲ, ಹುರುಳೀನೂ ಬರಲ್ಲ.’

ಮೊನ್ನೆ ಭಾನುವಾರ ಮಕ್ಕಳಿಲ್ಲದ ಹೊತ್ತಲ್ಲಿ ನಲವತ್ತು ಟಾಕಿಟೊದ ರೊಟ್ಟಿ ಸುರುಳಿ ಬಿಚ್ಚಿ ಒಳಗಿನ ಹೂರಣ ಚಮಚದಲ್ಲಿ ಕೆರೆದೆ. ನೋಡೋಕೆ ಕೆಂಪಗೆ, ಥೇಟ್ ನಮ್ಮದೇ. ಬಿಸಿನೀರಿಗೆ ಹಾಕಿ ಜಾಲಾಡಿದೆ. ನೀರು ಗಂಜಿ ಆಯ್ತು ಕಣೇ. ಮೇಲೆ ಕೊಬ್ಬು ತೇಲ್ತು, ಬಣ್ಣ ಬಿಟ್ಕೊಳ್ತು. ಜರಡೀಲಿ ಉಳಿದ ಮಾಂಸ ನನ್ನ ಒಂದು ಮುಷ್ಟಿ ತುಂಬಲಿಲ್ಲ. ನಲವತ್ತಕ್ಕೆ ಒಂದು ಮುಷ್ಟಿ! ಪಾರಲ್ ಬಸ್ ನಿಲ್ದಾಣದ ಎದುರು ಹತ್ತೊಂಬತ್ತು ವರ್ಷ ನಾನು ಮಾಂಸ ಬೇಯಿಸಿದೆ, ನೀನು ಸುತ್ತಿ ಕರಿದೆ. ಒಂದು ದಿನಾನಾದ್ರೂ ಲಾರಿ ಡ್ರೈವರಿಗೆ ಹಿಟ್ಟಿನ ಸುರುಳಿ ಮಾರಿದ್ವಾ?

ಅದು ನಿನ್ನ ಹೆಸರು, ನನ್ನ ಅಮ್ಮನ ಹೂರಣ, ನನ್ನ ಮಕ್ಕಳ ಹೊಟ್ಟೆ. ಏನು ಹೇಳ್ತೀಯ ಹೇಳು.

ಎರ್ಮಿಲಾ ಕೆಸಾದಾ


ಪಾರಲ್
ಫೆಬ್ರವರಿ 25, ಬೂದಿ ಬುಧವಾರ

ಎರ್ಮಿಲಾ ಕೆಸಾದಾ ಅಮ್ಮನವರ ಪಾದಕ್ಕೆ,

ಇವತ್ತು ಹಣೆಗೆ ಬೂದಿ ಇಟ್ಕೊಂಡು ಬಂದಿದ್ದೀನಿ. ಬೂದಿ ಒಣಗೋ ಮೊದಲೇ ಬಾಯಿ ಹೊಲಸು ಮಾಡ್ಕೋಬಾರದು ಅಂತ ಬೆಳಗಿಂದ ತಡ್ಕೊಂಡೆ. ಆಗ್ಲಿಲ್ಲ.

ನನ್ನ ಮಗ ನಾಬೊರ್‌ಗೆ ಧರ್ಮತಾಯಿಯಾಗಿ, ನನಗೆ ಕೊಮಾದ್ರೆ ಆಗಿದ್ದವಳು ನೀನು. ಒಡಹುಟ್ಟಿದವಳಿಗಿಂತ ಹೆಚ್ಚು ಅಂತ ಚರ್ಚಲ್ಲಿ ಎಲ್ಲರ ಮುಂದೆ ಹೇಳಿದ್ದೆ. ಅಂಥವಳು ಮೂರು ವರ್ಷದಲ್ಲಿ ಒಂದು ಕ್ರಿಸ್‌ಮಸ್ ಕಾರ್ಡ್ ಹಾಕ್ಲಿಲ್ಲ, ನನಗೆ ಪಿತ್ತಕೋಶ ತೆಗೆದಾಗ ಬದುಕಿದ್ದೀಯಾ ಸತ್ತಿದ್ದೀಯಾ ಅಂತ ಕೇಳ್ಲಿಲ್ಲ. ಈಗ ಬರೀತಾಳೆ. ಏನಂತ? ಕಳ್ಳಿ ಅಂತ!

ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಹಿಮ ಕರಗೋ ಮೊದಲೇ ಎಣ್ಣೆಗೆ ಹಾಕಿರ್ತೀಯ, ಅದು ಒಡೆದು ಗಂಜಿ ಆಗುತ್ತೆ. ನಿನಗೆ ಯಾವತ್ತೂ ಕರಿಯೋಕೆ ಬರ್ತಿರಲಿಲ್ಲ, ಅದಕ್ಕೇ ಬಾಣಲೆ ಮುಂದೆ ನಾನು ನಿಲ್ತಿದ್ದೆ. ಪ್ರತಿ ಸೋಮವಾರ ನಾನೇ ಕಾರ್ಖಾನೆಗೆ ಹೋಗಿ ರುಚಿ ನೋಡ್ತೀನಿ. ಬಿಳಿ ಟೋಪಿ ಹಾಕಿಸಿ, ಕುರ್ಚಿ ಹಾಕಿ ಕೂರಿಸ್ತಾರೆ. ಇಂಜಿನಿಯರ್ ಲುಹಾನ್ ಅವರೇ ಬಾಣಲೆಯಿಂದ ತಟ್ಟೆಗೆ ಹಾಕಿ ತರ್ತಾರೆ. ಒಳಗೆ ಕತ್ತಿನ ಮಾಂಸ, ಎಳೆ ಎಳೆಯಾಗಿ, ಒಣಮೆಣಸಿನ ಸಾರಲ್ಲಿ ಬೆಂದದ್ದು. ನನ್ನ ನಾಲಿಗೆಗೆ ಗೊತ್ತಾಗಲ್ವಾ? ಹದಿನೈದು ಗ್ರಾಂ ಅಂತ ಬರೆದವಳು ನಾನಲ್ಲ, ಪ್ರಯೋಗಾಲಯದವರು. ಓದಿದವರು. ನೀನು ಚಮಚದಲ್ಲಿ ಕೆರೆದು ಲೆಕ್ಕ ಹಾಕ್ತೀಯಂತೆ, ಅವರು ಯಂತ್ರದಲ್ಲಿ ಅಳೀತಾರೆ.

ನಿನ್ನ ಹೊಟ್ಟೆನೋವು ಏನು ಅಂತ ನನಗೆ ಗೊತ್ತು. ಪೊಟ್ಟಣದ ಮೇಲೆ ನಿನ್ನ ಮುಖ ಇಲ್ಲ. ಅದನ್ನ ನೇರ ಹೇಳು. ಮಕ್ಕಳನ್ನ ಯಾಕೆ ಮುಂದೆ ನಿಲ್ಲಿಸ್ತೀಯ?

ನಾಬೊರ್ ಇದೇ ಕಾರ್ಖಾನೆಯ ಶೀತಲ ಲಾರಿ ಓಡಿಸ್ತಾನೆ, ದುರಾಂಗೊ ದಾರೀಲಿ. ಎರಡು ಮಕ್ಕಳ ತಂದೆ. ಬಾಯಿ ಬಿಡೋ ಮೊದಲು ನಿನ್ನ ಧರ್ಮಪುತ್ರನ್ನೂ ಒಂದು ಕ್ಷಣ ನೆನೆಸ್ಕೊ.

ಒಬ್ದುಲಿಯಾ ಬಾಯೆಸಾ
(ಪೊಟ್ಟಣದ ಮೇಲಿರೋಳು)


ಲಾಸ್ ತಾಸ್ಕಾತೆಸ್
ಮಾರ್ಚ್ 12, 1998

ಒಬ್ದುಲಿಯಾ,

ಪಿತ್ತಕೋಶದ ವಿಷಯ ನನಗೆ ಯಾರೂ ಹೇಳ್ಲಿಲ್ಲ. ಅದಕ್ಕೆ ಅಷ್ಟೇ ಉತ್ತರ. ಉಳಿದಿದ್ದಕ್ಕೆ ಕೇಳು.

ಮಾರ್ಸಿಯಾನಾ ಅಂತ ಒಂದು ಹುಡುಗಿ, ಒಂಬತ್ತು ವರ್ಷ. ಇಲ್ಲಿಂದ ಆರು ಗಂಟೆ ದೂರದ ಹಟ್ಟಿಯವಳು. ಮಾತು ಕಡಿಮೆ, ಓಟ ಜಾಸ್ತಿ. ಹೋದ ವರ್ಷ ನೀರಿನ ಬಿಂದಿಗೆ ಹೊತ್ಕೊಂಡೇ ನನಗಿಂತ ಮುಂದೆ ಓಡ್ತಿದ್ದಳು. ಹೋದ ಮಂಗಳವಾರ ಧ್ವಜವಂದನೆಗೆ ನಿಂತವಳು ನಿಂತ ಹಾಗೇ ಮುಖ ಅಡಿಯಾಗಿ ಬಿದ್ದಳು. ಹಲ್ಲು ತುಟಿಗೆ ಕಚ್ಚಿ ರಕ್ತ. ಹಸಿದು ಬಿದ್ದವಳಲ್ಲ ಕಣೇ, ಬೆಳಿಗ್ಗೆ ನನ್ನ ಕೈಯಿಂದಾನೇ ಆರು ಟಾಕಿಟೊ ತಿಂದಿದ್ದಳು. ಹೊಟ್ಟೆ ತುಂಬಿತ್ತು. ರಕ್ತ ತುಂಬಿರಲಿಲ್ಲ.

ತಿಂಗಳಿಗೊಮ್ಮೆ ಬರೋ ನರ್ಸು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. ಒಳಗಡೆ ಕೆಂಪಿರಬೇಕು. ಬಿಳೀ ಕಾಗದದ ಹಾಗಿತ್ತು. ಆಮೇಲೆ ಸಾಲಾಗಿ ನಿಲ್ಲಿಸಿ ಎಲ್ಲರ ರೆಪ್ಪೆ ನೋಡಿದಳು. ನಲವತ್ತೊಂದು ಮಕ್ಕಳದು ಹಾಗೇ. ತೂಕ ನೋಡಿದ್ರೆ ಕಡಿಮೆ ಆಗಿಲ್ಲ, ಕೆಲವರು ದಪ್ಪ ಆಗಿದ್ದಾರೆ! ಮೇಷ್ಟ್ರು ಖುಷಿಯಾಗಿ ‘ನೋಡಮ್ಮಾ, ತೂಕ ಚೆನ್ನಾಗಿದೆ’ ಅಂದ್ರು. ನರ್ಸು ಹೇಳಿದಳು, ‘ಮೇಷ್ಟ್ರೇ, ಹಿಟ್ಟು ಕೊಬ್ಬು ತುಂಬಿದ್ರೆ ಚೀಲಾನೂ ತೂಗುತ್ತೆ.’

ಅವಳಿಗೆ ನನ್ನ ಜರಡಿ ಕಥೆ ಹೇಳಿದೆ. ಗಾಯಕ್ಕೆ ಹಚ್ಚೋ ಅಯೋಡಿನ್ ಬಾಟಲಿ ತೆಗೆದು ಹೂರಣದ ಮೇಲೆ ಎರಡು ಹನಿ ಬಿಟ್ಟಳು. ಮಾಂಸದ ಮೇಲೆ ಬಿದ್ರೆ ಅದು ಕಂದಾಗೇ ಇರುತ್ತಂತೆ. ಪಿಷ್ಟದ ಮೇಲೆ ಬಿದ್ರೆ ನೀಲಿ ಆಗುತ್ತಂತೆ. ಒಬ್ದುಲಿಯಾ, ಅದು ನೀಲಿ ಆಗ್ಲಿಲ್ಲ, ಕಪ್ಪಾಯ್ತು. ಆಲೂಗಡ್ಡೆ ಪುಡಿ, ಬ್ರೆಡ್ ಪುಡಿ, ಇನ್ನೇನೇನೋ. ನನಗೆ ಕರಿಯೋಕೆ ಬರಲ್ಲ ಅಂದ್ಯಲ್ಲ? ಇದು ಕರಿಯದೇ ಇದ್ದದ್ದು. ಹಸೀದು.

ಸೋಮವಾರ ಸೋಮವಾರ ಹೋಗಿ ರುಚಿ ನೋಡ್ತೀಯಾ. ಕುರ್ಚಿ ಹಾಕ್ತಾರೆ, ಟೋಪಿ ಹಾಕ್ತಾರೆ. ನೀನು ಸೋಮವಾರ ಬರ್ತೀಯ ಅಂತ ಅವರಿಗೂ ಗೊತ್ತಲ್ಲ, ಪೆದ್ದೀ! ಗುರುವಾರ ಹೋಗು. ಹೇಳದೆ ಹೋಗು.

ಎರ್ಮಿಲಾ


ಪಾರಲ್
ಏಪ್ರಿಲ್ 16, 1998

ಎರ್ಮಿಲಾ,

ಒಂದು ತಿಂಗಳು ಬರೀಲಿಲ್ಲ. ಲೆಂಟ್ ವ್ರತ, ಈಸ್ಟರು, ಮನೆಗೆ ನೆಂಟರು ಅಂತ ನೆಪ ಹೇಳಬಹುದು. ಹೇಳಲ್ಲ. ಹೋಗೋಕೆ ಭಯ ಆಗಿತ್ತು. ಇವತ್ತು ಹೋದೆ.

ಗೇಟಲ್ಲಿ ಇದ್ದವನು ಮುದುಕ ಫಿದೆನ್ಸಿಯೊ. ನಮ್ಮ ಅಂಗಡೀಲಿ ದಿನಾ ನಾಲ್ಕು ಟಾಕಿಟೊ, ಒಂದು ಕಾಫಿ ತಗೋತಿದ್ದ, ನೆನಪಿರಬೇಕು. ‘ಇವತ್ತು ಗುರುವಾರ ಅಲ್ವಾ ದೋನ್ಯಾ?’ ಅಂದ. ‘ನನ್ನ ಹೆಸರಿರೋ ಜಾಗಕ್ಕೆ ಹೋಗೋಕೆ ನನಗೆ ವಾರ ಬೇಕೇನೋ?’ ಅಂದೆ. ನೆಲ ನೋಡ್ತಾ ಗೇಟು ತೆಗೆದ. ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು ಎರ್ಮಿಲಾ. ನನಗೊಬ್ಬಳಿಗೇ ಟೋಪಿ ಹಾಕಿದ್ದರು.

ಒಳಗೆ ಟಾಕಿಟೊ ತಯಾರಾಗೋ ಸಾಲು ಎರಡು. ಒಂದು ನಾನು ನೋಡಿದ್ದು, ಅಂಗಡಿಗಳಿಗೆ ಹೋಗೋದು. ಇನ್ನೊಂದು ತಗಡಿನ ಗೋಡೆ ಹಿಂದೆ. ಅಲ್ಲಿ ಬಿಳೀ ಮೂಟೆಗಳು ಸೊಂಟದೆತ್ತರ. ಒಬ್ಬ ಹೆಂಗಸು ಬಕೆಟಲ್ಲಿ ಕೆಂಪು ನೀರು ಕಲಸ್ತಿದ್ದಳು, ಗೋಡೆಗೆ ಬಣ್ಣ ಕಲಸೋ ಹಾಗೆ. ‘ಇದು ಯಾವುದಕ್ಕಮ್ಮ?’ ಅಂದೆ. ‘ಬೆಟ್ಟಕ್ಕೆ ಹೋಗೋದು ದೋನ್ಯಾ’ ಅಂದಳು. ಪಾಪ, ನನ್ನನ್ನ ನೋಡಿ ಖುಷಿಯಾಗಿದ್ದಳು. ಪೊಟ್ಟಣ ಎರಡಕ್ಕೂ ಒಂದೇ. ನಂದೇ ಮುಖ.

ಲುಹಾನ್ ಓಡಿ ಬಂದ. ಕೂರಿಸಿದ, ನೀರು ಕೊಟ್ಟ. ನಾನು ಕೇಳಿದೆ, ‘ಹದಿನೈದು ಗ್ರಾಂ ಎಲ್ಲಿ?’

‘ಅದು ಸರಾಸರಿ, ದೋನ್ಯಾ.’

‘ಯಾರ ಸರಾಸರಿ? ಪಾರಲ್ ಮಕ್ಕಳು ಇಪ್ಪತ್ತೈದು ತಿಂದು ಬೆಟ್ಟದ ಮಕ್ಕಳು ಐದು ತಿಂದ್ರೆ ಸರಾಸರಿ ಹದಿನೈದಾ?’

ನಕ್ಕ. ‘ಲೆಕ್ಕ ಚೆನ್ನಾಗಿ ಬರುತ್ತೆ ನಿಮಗೆ. ನೋಡಿ, ಕ್ಯಾಲೊರಿ ಇದೆ. ಹೊಟ್ಟೆ ತುಂಬುತ್ತೆ. ಅವು ಮನೇಲಿ ಬರೀ ಜೋಳದ ಹಿಟ್ಟು ನೀರಲ್ಲಿ ಕಲಸ್ಕೊಂಡು ಕುಡಿಯೋ ಮಕ್ಕಳು. ಅವುಕ್ಕೆ ಇದೇ ಹಬ್ಬ. ವ್ಯತ್ಯಾಸ ಅವುಗಳಿಗೆ ಗೊತ್ತಾಗುತ್ತಾ?’

ಎದ್ದು ಅವನ ಮುಖಕ್ಕೆ ಉಗಿಬೇಕಿತ್ತು. ಉಗೀಲಿಲ್ಲ. ಕಪಾಟಿಂದ ನನ್ನ ಒಪ್ಪಂದದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಹೆಸರು, ಮುಖ ಹತ್ತು ವರ್ಷ ಅವರದಂತೆ. ಕಂಪನಿ ಮರ್ಯಾದೆ ಕಳೆಯೋ ಮಾತಾಡಿದ್ರೆ ಕೋರ್ಟಂತೆ. ‘ನಾಬೊರ್ ಒಳ್ಳೇ ಡ್ರೈವರ್’ ಅಂದ. ಅಷ್ಟೇ ಅಂದ. ಆಮೇಲೆ ‘ಮೂವತ್ತನೇ ತಾರೀಕು ಮಕ್ಕಳ ದಿನಕ್ಕೆ ಚೌಕದಲ್ಲಿ ನೀವೇ ಕರೀಬೇಕು, ಪತ್ರಿಕೆಯವರು, ರೇಡಿಯೋದವರು ಬರ್ತಾರೆ, ಹೊಸ ಏಪ್ರನ್ ಹೊಲಿಸಿದ್ದೀವಿ’ ಅಂದ. ಮನೆಗೆ ಬಂದು ಅತ್ತೆ.

ನೀನು ಹೇಳಿದ್ದು ನಿಜ. ಸಾಕಾ? ಈಗ ಊರು ತುಂಬ ಸಾರಿಕೊಂಡು ಕುಣಿ. ಆದ್ರೆ ನಾನೇನು ಮಾಡ್ಲಿ ಅಂತ ಮಾತ್ರ ಹೇಳ್ಬೇಡ. ಹೇಳೋದು ಸುಲಭ, ನಿನಗೆ ಮಗನಿಲ್ಲ.

ಒಬ್ದುಲಿಯಾ


ಲಾಸ್ ತಾಸ್ಕಾತೆಸ್
ಏಪ್ರಿಲ್ 23, 1998

ಒಬ್ದುಲಿಯಾ,

ನನಗೆ ಮಗನಿಲ್ಲ. ಎಪ್ಪತ್ತೆರಡು ಜನ ಇದ್ದಾರೆ. ತಪ್ಪಾಯ್ತು, ಎಪ್ಪತ್ತೊಂದು. ಮಾರ್ಸಿಯಾನಾ ಈಸ್ಟರಿಗೆ ಅಂತ ಮನೆಗೆ ಹೋದವಳು ವಾಪಸ್ ಬಂದಿಲ್ಲ.

ನೀನು ಅತ್ತೆ. ಭೇಷ್. ಮುಖ ತೊಳ್ಕೊಂಡು ಆಮೇಲೆ ಏನು ಮಾಡಿದೆ? ಹೊಸ ಏಪ್ರನ್ ಅಳತೆ ಸರಿಯಾಗಿದೆಯಾ ನೋಡಿದ್ಯಾ?

ನಾನು ನಿನ್ನ ಟಾಕಿಟೊ ಕರಿಯೋದು ನಿಲ್ಲಿಸಿದೆ. ಮನೆ ಮನೆಗೆ ಹೋಗಿ ಹುರುಳಿ ಬೇಡ್ತೀನಿ. ದನ ಕಡಿಯೋರ ಹತ್ರ ಈಲಿ, ರಕ್ತ, ಕರುಳು ಬೇಡ್ತೀನಿ. ಈ ವಯಸ್ಸಲ್ಲಿ ಚೀಲ ಹಿಡ್ಕೊಂಡು ಭಿಕ್ಷೆ. ಒಲಿವಾಸ್ ಮೇಷ್ಟ್ರು ಕರೆಸಿ ಹೇಳಿದ್ರು, ‘ದೂರು ಗೀರು ಅಂದ್ರೆ ಈ ಪೆಟ್ಟಿಗೇನೂ ವಾಪಸ್ ತಗೊಂಡು ಹೋಗ್ತಾರೆ. ಆಗ ಏನು ತಿನ್ನಿಸ್ತೀಯ, ನಿನ್ನ ಸಿಟ್ಟಾ?’ ನಾನಂದೆ, ‘ಅದರಲ್ಲಾದ್ರೂ ಕಬ್ಬಿಣ ಇದೆ ಮೇಷ್ಟ್ರೇ.’ ಅವರು ಕೆಟ್ಟವರಲ್ಲ. ಹೆದರಿದವರು. ನಿನ್ನ ಹಾಗೇ.

ಬಸ್ ಡ್ರೈವರ್ ಕೈಲಿ ಐಸ್ ಡಬ್ಬಿ ಕಳಿಸಿದ್ದೀನಿ. ನಾಲ್ಕು ಪೊಟ್ಟಣ ಇದೆ, ಅಂಟು ಬಿಚ್ಚಿಲ್ಲ. ಮೂವತ್ತನೇ ತಾರೀಕು ಕರಿಯೋದಿದ್ರೆ ಇದನ್ನೇ ಕರಿ. ನಗೋದಿದ್ರೆ ಇದರ ಮುಂದೆ ನಿಂತು ನಗು. ಇಲ್ಲ ಅಂದ್ರೆ ಇನ್ಮೇಲೆ ಬರೀಬೇಡ. ನಿನ್ನ ಕಾಗದ ಒಲೆಗೆ ಹಾಕೋಕೂ ನನಗೆ ಪುರುಸೊತ್ತಿಲ್ಲ.

ಎರ್ಮಿಲಾ


ಪಾರಲ್
ಮೇ 3, 1998

ಎರ್ಮಿಲಾ,

ಮಾಡಿದೆ.

ಮೊದಲೇ ಹೇಳ್ತೀನಿ, ನೀನು ಬೈದೆ ಅಂತ ಮಾಡಿದ್ದಲ್ಲ. ಇಪ್ಪತ್ತೊಂಬತ್ತನೇ ತಾರೀಕು ರಾತ್ರಿ ತನಕ ಮಾಡಬಾರದು ಅಂತಲೇ ಇದ್ದೆ. ನಾಬೊರ್‌ಗೂ ಹೇಳಿರಲಿಲ್ಲ. ಬೆಳಿಗ್ಗೆ ಏಪ್ರನ್ ಹಾಕ್ಕೊಂಡು ಕನ್ನಡಿ ನೋಡಿದೆ. ಎದೆ ಮೇಲೆ ನನ್ನದೇ ಮುಖ ಕಸೂತಿ ಹಾಕಿದ್ದರು. ಒಂದು ಮೈಮೇಲೆ ಎರಡು ಮುಖ. ಸಹಿಸೋಕಾಗ್ಲಿಲ್ಲ.

ಚೌಕದಲ್ಲಿ ಪೆಂಡಾಲ್ ಹಾಕಿದ್ದರು. ಬಲೂನು, ಮಕ್ಕಳು, ವಾದ್ಯ. ಲುಹಾನ್ ಮೈಕ್ ಹಿಡ್ಕೊಂಡು ‘ನಮ್ಮ ಊರಿನ ತಾಯಿ!’ ಅಂದ. ಚಪ್ಪಾಳೆ. ನಾನು ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಅವರು ತಂದದ್ದು ಬಿಚ್ಚಿ ಹಾಕಿದೆ, ಇನ್ನೊಂದರಲ್ಲಿ ನೀನು ಕಳಿಸಿದ್ದು. ಏಪ್ರನ್ ಜೇಬಿಂದ ಅಯೋಡಿನ್ ಬಾಟಲಿ ತೆಗೆದೆ. ‘ಏನಾಯ್ತು, ಕೈ ಸುಟ್ಕೊಂಡ್ರಾ ದೋನ್ಯಾ?’ ಅಂದ ಲುಹಾನ್. ‘ಇನ್ನೂ ಇಲ್ಲ’ ಅಂದೆ. ಎರಡೂ ತಟ್ಟೆಗೆ ಬಿಟ್ಟೆ. ಒಂದು ಕಂದು. ಒಂದು ಮಸಿ.

ಮೈಕ್ ಅವನ ಕೈಯಿಂದ ಕಿತ್ಕೊಂಡೆ. ‘ಈ ತಟ್ಟೆ ನಿಮ್ಮ ಮಕ್ಕಳಿಗೆ. ಈ ತಟ್ಟೆ ಬೆಟ್ಟದ ಮಕ್ಕಳಿಗೆ. ಪೊಟ್ಟಣ ಒಂದೇ, ಮುಖ ಒಂದೇ, ಬರೆದಿರೋ ಹದಿನೈದು ಗ್ರಾಂ ಒಂದೇ. ಇದರಲ್ಲಿ ಐದೂ ಇಲ್ಲ. ಇದನ್ನ ಪೂರ್ಣಾಹಾರ ಅಂತ ಕೊಟ್ಟು ಆ ಮಕ್ಕಳ ಮಾಂಸ ನಿಲ್ಲಿಸಿದ್ದಾರೆ, ಹುರುಳಿ ನಿಲ್ಲಿಸಿದ್ದಾರೆ’ ಅಂದೆ. ಮುಂದೆ ನಿಂತಿದ್ದ ಒಬ್ಬ ಹೆಂಗಸು ಮಗೂನ ಸೊಂಟಕ್ಕೆ ಎಳ್ಕೊಂಡು ‘ಅಯ್ಯೋ, ಇದು ವಿಷನಾ?’ ಅಂದಳು. ‘ವಿಷ ಆಗಿದ್ರೆ ಒಂದೇ ದಿನಕ್ಕೆ ಗೊತ್ತಾಗ್ತಿತ್ತಮ್ಮ. ಇದು ಗೊತ್ತೇ ಆಗಲ್ಲ’ ಅಂದೆ.

ಲುಹಾನ್ ನಗ್ತಾನೇ ಇದ್ದ. ‘ನಮ್ಮ ದೋನ್ಯಾಗೆ ಬಿಸಿಲು ಹೊಡೆದಿದೆ.’ ನಾನು ಆ ಕಪ್ಪು ತಟ್ಟೆ ಪಕ್ಕಕ್ಕಿಟ್ಟು, ನಿನ್ನ ಪೊಟ್ಟಣದಿಂದ ಮೂರು ಟಾಕಿಟೊ ಕರಿದು ಅವನ ಮುಂದೆ ಹಿಡಿದೆ. ‘ತಿನ್ನು. ಇವತ್ತು ಮೂರು, ನಾಳೆ ಮೂರು, ಕ್ರಿಸ್‌ಮಸ್ ತನಕ ಬೇರೇನೂ ಇಲ್ಲ, ಬರೀ ಇದು. ನಿನ್ನ ಮಗಳೂ ಬಂದಿದ್ದಾಳಲ್ಲ, ಅವಳಿಗೂ ಕೊಡು.’ ಆಗ ನಗು ನಿಂತಿತು. ಯಾರೋ ಮೈಕಿನ ತಂತಿ ಕಿತ್ತರು. ಆದ್ರೆ ರೇಡಿಯೋ ಹುಡುಗಿ ಆಗಲೇ ಎಲ್ಲಾ ರೆಕಾರ್ಡ್ ಮಾಡ್ಕೊಂಡಿದ್ದಳು. ಸಾಯಂಕಾಲಕ್ಕೆ ಬಾಣಲೆ ಶಬ್ದದ ಸಮೇತ ಇಡೀ ಊರು ಕೇಳಿತು.

ನಿನ್ನೆ ವಕೀಲರ ನೋಟಿಸ್ ಬಂತು. ನಾಬೊರ್‌ನ ಲಾರಿ ಕೀಲಿ ಕಿತ್ಕೊಂಡರು. ಅವನು ನನ್ನ ಹತ್ರ ಮಾತಾಡ್ತಿಲ್ಲ. ಸೊಸೆ ಮೊಮ್ಮಕ್ಕಳನ್ನ ಕಳಿಸ್ತಿಲ್ಲ.

ಇನ್ನೊಂದು ಹೇಳ್ತೀನಿ. ಇದನ್ನ ಹೇಳದೆ ಈ ಕಾಗದ ಮುಗಿಸಿದ್ರೆ ನಾನೂ ಆ ಪೊಟ್ಟಣದ ಹಾಗೇ. ಮೂರು ವರ್ಷದ ಹಿಂದೆ ಫೋಟೋ ತೆಗೆಯೋನು ಬಂದಾಗ ಲುಹಾನ್ ನಿನ್ನ ಕಡೆ ಬೆರಳು ತೋರಿಸಿ, ‘ಆ ಯಮ್ಮನ ಮುಖ ಬೇಡ, ಹುಳಿ ಮುಖ, ಮಾಲು ಹೋಗಲ್ಲ’ ಅಂದ. ನೀನು ಒಲೆ ಹತ್ರ ಬೆನ್ನು ಮಾಡಿ ನಿಂತಿದ್ದೆ. ಕೇಳಿಸಿಲ್ಲ ಅಂದ್ಕೊಂಡೆ. ನಾನು ನಕ್ಕೆ ಎರ್ಮಿಲಾ. ಆ ಪೊಟ್ಟಣದ ಮೇಲಿರೋದು ಅದೇ ನಗು, ಆಗಲೇ ಕ್ಲಿಕ್ ಮಾಡಿದ್ದು.

ಧನ್ಯವಾದ ಅಂತ ಬರೆದ್ಯೋ, ಹರಿದು ಹಾಕ್ತೀನಿ.

ಒಬ್ದುಲಿಯಾ


ಪಾರಲ್
ಮೇ 18, 1998

ಧರ್ಮತಾಯಿ ಎರ್ಮಿಲಾ ಅವರಿಗೆ,

ನಾನು ನಾಬೊರ್. ನಿಮಗೆ ಕಾಗದ ಬರೀತಿರೋದು ಅಮ್ಮನಿಗೆ ಗೊತ್ತಿಲ್ಲ.

ಹೊಟ್ಟೆ ತಣ್ಣಗಾಯ್ತಾ? ಕಾರ್ಖಾನೆಯವರು ‘ಪ್ಯಾಕಿಂಗ್‌ನಲ್ಲಿ ತಪ್ಪಾಯ್ತು’ ಅಂದ್ರು. ಹನ್ನೊಂದು ಜನರನ್ನ ತೆಗೆದ್ರು. ಯಾರನ್ನ ಗೊತ್ತಾ? ಬಣ್ಣ ಕಲಸ್ತಿದ್ದ ಹೆಂಗಸನ್ನ. ಗೇಟಿನ ಫಿದೆನ್ಸಿಯೊನ. ನನ್ನ. ಲುಹಾನ್‌ಗೆ ಏನೂ ಆಗ್ಲಿಲ್ಲ, ಬೇರೆ ಊರಿನ ಕಾರ್ಖಾನೆಗೆ ಇನ್ನೂ ದೊಡ್ಡ ಕುರ್ಚಿಗೆ ಹೋದ. ಪೊಟ್ಟಣದ ಮೇಲೆ ಅಮ್ಮನ ಮುಖ ತೆಗೆದು ಒಂದು ಹಸು ಚಿತ್ರ ಹಾಕಿದ್ದಾರೆ. ಹಸೂನೂ ನಗ್ತಿದೆ.

ಅಮ್ಮ ಬಾಗಿಲು ಹಾಕ್ಕೊಂಡು ಕೂತಿದ್ದಾಳೆ. ಕೆಲವರು ಬಂದು ಕೈ ಕುಲುಕಿ ಹೋಗ್ತಾರೆ, ಕೆಲವರು ಬಾಗಿಲ ಮೇಲೆ ‘ಅನ್ನ ಕಿತ್ಕೊಂಡವಳು’ ಅಂತ ಬರೆದು ಹೋಗ್ತಾರೆ. ಸುಣ್ಣ ಹೊಡೆದು ಅಳಿಸಿದವನು ನಾನು.

ನಾನು ಓದಿದವನಲ್ಲ, ಆದ್ರೂ ಮಕ್ಕಳಿಗೆ ಮೋಸ ಆದದ್ದು ತಪ್ಪು ಅಂತ ಗೊತ್ತಾಗುತ್ತೆ. ನನಗೆ ಸಿಟ್ಟಿರೋದು ಅದಕ್ಕಲ್ಲ. ನೀವಿಬ್ಬರೂ ಮೂರು ವರ್ಷ ಮಾತಾಡಿದ್ದಿದ್ರೆ ನವೆಂಬರಲ್ಲೇ ಒಂದು ಫೋನಲ್ಲಿ ಗೊತ್ತಾಗ್ತಿತ್ತು. ಅಮ್ಮ ಸುಮ್ಮನೆ ಹೋಗಿ ಸುಮ್ಮನೆ ನಿಲ್ಲಿಸ್ತಿದ್ದಳು. ನಿಮ್ಮ ಜಗಳಕ್ಕೆ ಊರೇ ಬಾಣಲೆ ಆಯ್ತು.

ಅವಳು ನಿಮ್ಮ ಕಾಗದಕ್ಕೆ ಕಾಯ್ತಿದ್ದಾಳೆ. ದಿನಾ ಬಸ್ ನಿಲ್ದಾಣಕ್ಕೆ ಹೋಗಿ ಬರ್ತಾಳೆ. ಕೇಳಿದ್ರೆ ಬ್ರೆಡ್ ತರೋಕೆ ಅಂತಾಳೆ. ಬರೀರಿ. ಬೈದಾದ್ರೂ ಬರೀರಿ.

ನಾಬೊರ್


ಲಾಸ್ ತಾಸ್ಕಾತೆಸ್
ಜೂನ್ 7, 1998

ಕೊಮಾದ್ರೆ,

ತಡ ಆಯ್ತು. ಯಾಕೆ ಅಂತ ಹೇಳ್ತೀನಿ.

ಮೇ ಕೊನೇಲಿ ಲಾರಿ ಬಂತು, ಫ್ರೀಜರ್ ಪೆಟ್ಟಿಗೆ ಎತ್ಕೊಂಡು ಹೋಯ್ತು. ನಾಲ್ಕು ದಿನ ಬರೀ ಜೋಳ. ಐದನೇ ದಿನ ಹುರುಳಿ ಬಂತು, ಅದರ ಹಿಂದೆ ಅರ್ಧ ಹಸು. ಬಂದ ಅಧಿಕಾರಿ ರೇಡಿಯೋ ಮಾತು ಎತ್ತಲಿಲ್ಲ, ‘ಪರಿಷ್ಕೃತ ಪಟ್ಟಿ’ ಅಂದ. ಯಾರೂ ಕ್ಷಮೆ ಕೇಳ್ಲಿಲ್ಲ. ನಾನು ಕತ್ತಿನ ಮಾಂಸ ಬೇಯಿಸೋಕಿಟ್ಟೆ. ಆ ವಾಸನೆಗೆ ಮಕ್ಕಳು ಕ್ಲಾಸಿಂದ ಎದ್ದು ಬಂದು ಬಾಗಿಲಲ್ಲಿ ನಿಂತವು. ಮೇಷ್ಟ್ರೂ ಬಂದ್ರು. ಖುಷಿ ಆಗಬೇಕಿತ್ತು ನನಗೆ. ಸಿಟ್ಟು ಇನ್ನೂ ಹೆಚ್ಚಾಯ್ತು. ಇಷ್ಟೇ ಸುಲಭ ಇತ್ತಾ? ಒಂದು ಸಹಿ?

ಮಾಂಸ ಬಂತು, ಮಾರ್ಸಿಯಾನಾ ಬರ್ಲಿಲ್ಲ. ಹೋದ ಭಾನುವಾರ ಒಂದು ಡಬ್ಬಿ ಕಟ್ಕೊಂಡು ಅವಳ ಹಟ್ಟಿಗೆ ನಡೆದೆ. ಅವಳಪ್ಪ ಸಿಲ್ವೆರಿಯೊ ಹೊಲದ ಅಂಚಲ್ಲಿ ಕಲ್ಲು ಜೋಡಿಸ್ತಿದ್ದ. ಹುಡುಗಿ ಒಳಗಿದ್ದಾಳೆ, ಬದುಕಿದ್ದಾಳೆ, ಸ್ವಲ್ಪ ಓಡಾಡ್ತಾಳೆ ಅಂದ. ಒಳಗೆ ಕರೀಲಿಲ್ಲ. ನಾನು ಎಲ್ಲಾ ಹೇಳಿದೆ. ಕಾರ್ಖಾನೆ ಮೋಸ, ನೀನು ಚೌಕದಲ್ಲಿ ಮಾಡಿದ್ದು, ಮಾಂಸ ಬಂದಿದ್ದು. ಕಲ್ಲು ಜೋಡಿಸ್ತಾನೇ ಕೇಳಿಸ್ಕೊಂಡ. ಅವನು ಮಾತಾಡೋದು ಕಡಿಮೆ. ಕೊನೆಗೆ ಒಂದೇ ಕೇಳಿದ, ‘ನೀನು ಅಡುಗೆಯವಳು. ಯಾವತ್ತು ಬಿಚ್ಚಿ ನೋಡಿದೆ?’

‘ಫೆಬ್ರವರೀಲಿ’ ಅಂದೆ.

‘ಬಂದಿದ್ದು?’

‘ನವೆಂಬರಲ್ಲಿ.’

ಅವನು ಬೈಯ್ಯಲಿಲ್ಲ ಒಬ್ದುಲಿಯಾ. ಬೈದಿದ್ರೆ ನಾನೂ ಬೈತಿದ್ದೆ, ನನಗೆ ಬರೋದು ಅದೊಂದೇ. ಡಬ್ಬಿ ತಗೊಂಡ, ಖಾಲಿ ಮಾಡಿ ತೊಳೆದು ವಾಪಸ್ ಕೊಟ್ಟ. ‘ಮಗಳು ಇಲ್ಲೇ ಇರ್ತಾಳೆ’ ಅಂದ.

ಆರು ಗಂಟೆ ದಾರಿ ನಡೆದು ಬರೋವಾಗ ನನಗೆ ನಾನೇ ಉತ್ತರ ಹೇಳ್ಕೊಂಡೆ. ಫೋಟೋ ದಿನ ಲುಹಾನ್ ಅಂದಿದ್ದು ನನಗೆ ಕೇಳಿಸಿತ್ತು. ನೀನು ನಕ್ಕಿದ್ದೂ ಕೇಳಿಸಿತ್ತು. ನವೆಂಬರಲ್ಲಿ ನಿನ್ನ ಮುಖ ನೋಡಿದ ಕ್ಷಣಾನೇ ನನ್ನ ಮೈ ಉರೀತು. ಪೊಟ್ಟಣ ಕೈಯಲ್ಲಿ ಮುಟ್ಟೋಕೆ ಅಸಹ್ಯ ಆಗಿ ಕತ್ತರಿಯಲ್ಲಿ ಕೊಯ್ದು ನೇರ ಎಣ್ಣೆಗೆ ಸುರೀತಿದ್ದೆ, ಬೇರೆ ಕಡೆ ನೋಡ್ಕೊಂಡು. ಒಂದನ್ನ ಬಾಯಿಗೆ ಹಾಕ್ಕೊಳ್ಳಲಿಲ್ಲ. ‘ಅವಳದ್ದು ತಿಂದ್ರೆ ನನ್ನ ನಾಲಿಗೆ ಬೀಳಲಿ’ ಅಂತ. ಅಡುಗೆಯವಳು ರುಚಿ ನೋಡದೆ ಮಕ್ಕಳಿಗೆ ಬಡಿಸಿದೆ, ಮೂರು ತಿಂಗಳು. ಮೊದಲ ದಿನ ಒಂದು ತುತ್ತು ತಿಂದಿದ್ರೆ ನನಗೆ ಗೊತ್ತಾಗ್ತಿತ್ತು. ಲುಹಾನ್ ಹಿಟ್ಟು ತುಂಬಿದ, ನಿಜ. ಅದನ್ನ ಬಡಿಸಿದ್ದು ನನ್ನ ಕೈ.

ಇದನ್ನ ಯಾರಿಗೂ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ. ನಿನಗೆ ಹೇಳ್ತಿದ್ದೀನಿ. ಸಮಾಧಾನದ ಮಾತು ಬರೆದ್ಯೋ, ನಿನ್ನ ಹಾಗೇ ನಾನೂ ಹರಿದು ಹಾಕ್ತೀನಿ.

ನಾಬೊರ್ ಕಾಗದ ಬರೆದಿದ್ದ. ಅವನಿಗೆ ಹೇಳು, ಅವನು ಬರೆದದ್ದರಲ್ಲಿ ಒಂದಕ್ಷರಾನೂ ತಪ್ಪಿಲ್ಲ. ಇಲ್ಲಿ ಮರ ಸಾಗಿಸೋ ಲಾರಿಗೆ ಡ್ರೈವರ್ ಹುಡುಕ್ತಿದ್ದಾರೆ, ಕೇಳಿಟ್ಟಿದ್ದೀನಿ. ಬಂದ್ರೆ ಬರ್ಲಿ, ಇಲ್ಲಾಂದ್ರೆ ನನ್ನ ಬೈಕೊಂಡೇ ಇರ್ಲಿ.

ಮುಂದಿನ ಭಾನುವಾರ ಮತ್ತೆ ಆ ಹಟ್ಟಿಗೆ ಹೋಗ್ತೀನಿ. ಅವನು ಮತ್ತೆ ಕಲ್ಲು ಜೋಡಿಸ್ತಾ ನಿಂತಿರ್ತಾನೆ, ಮತ್ತೆ ಒಳಗೆ ಕರೆಯಲ್ಲ. ಅದರ ಮುಂದಿನ ಭಾನುವಾರಾನೂ ಹೋಗ್ತೀನಿ. ಅಂಗಳದಲ್ಲಿ ಹಂಗೆ ನಿಲ್ಲೋಕೆ ಒಬ್ಬಳಿಗೆ ಬಹಳ ಕಷ್ಟ ಕಣೇ. ಇಬ್ಬರಿದ್ರೆ ನಿಲ್ಲಬಹುದು.

ಬಸ್ಸು ಗುರುವಾರ. ದಾರಿ ಕೆಟ್ಟದಾಗಿದೆ, ಗಟ್ಟಿ ಚಪ್ಪಲಿ ಹಾಕ್ಕೊ.

ಎರ್ಮಿಲಾ